ಹನುಮಂತನಗರದ ಪಾರ್ಕಿನಲ್ಲಿ ಐದು ಪ್ರಾಣಿಗಳು

ನನ್ನ ಕಾಯಿಲೆಯನ್ನು ಎಲ್ಲರಿಗಿಂತ ಮೊದಲು ಗಮನಿಸಿದವರು ಒಂಬತ್ತನೇ ತರಗತಿಯ ಕೊನೆಯ ಬೆಂಚಿನ ಹುಡುಗಿಯರು. ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಗಣಿತದ ಟೀಚರು. ಇಪ್ಪತ್ತಾರು ವರ್ಷಗಳಿಂದ ಅದೇ ಶಾಲೆ. ಒಂದು ದಿನ ಬೋರ್ಡಿನ ಮೇಲೆ ವರ್ಗ ಸಮೀಕರಣ ಬಿಡಿಸುತ್ತಿದ್ದಾಗ ಹಿಂದಿನಿಂದ ಒಬ್ಬಳು, "ಮಿಸ್, ಕಾಣಿಸ್ತಿಲ್ಲ" ಎಂದಳು.

"ಕಣ್ಣು ಟೆಸ್ಟ್ ಮಾಡಿಸ್ಕೊ" ಎಂದೆ.

"ಕಣ್ಣು ಸರೀಗಿದೆ ಮಿಸ್. ನೀವೇ ಚಿಕ್ಕದಾಗಿ ಬರೀತಿದೀರ. ಶುರುನಲ್ಲಿ ದೊಡ್ಡದಾಗಿರತ್ತೆ, ಆಮೇಲೆ ಇರುವೆ ಥರ ಆಗೋಗತ್ತೆ."

ತರಗತಿ ನಕ್ಕಿತು. ನಾನು ನಾಲ್ಕು ಹೆಜ್ಜೆ ಹಿಂದೆ ಸರಿದು ಬೋರ್ಡು ನೋಡಿದೆ. ಅವಳು ಹೇಳಿದ್ದು ನಿಜವಾಗಿತ್ತು. ಎಡಗಡೆ ಅಂಗೈಯಷ್ಟು ದೊಡ್ಡದಾಗಿ ಶುರುವಾದ ಅಂಕಿಗಳು ಬಲಗಡೆಗೆ ಹೋಗುತ್ತಾ ಕುಗ್ಗಿ, ಕೊನೆಯಲ್ಲಿ ಉತ್ತರ ಎಷ್ಟು ಎಂದು ನನಗೇ ತಿಳಿಯದಂತಿದ್ದವು. ಅಳಿಸಿ ಮತ್ತೆ ದೊಡ್ಡದಾಗಿ ಬರೆದೆ. ಮೂರನೇ ಸಾಲಿಗೆ ಮತ್ತೆ ಇರುವೆಗಳು.

ವಯಸ್ಸು ಐವತ್ತೊಂದು. ಸುಸ್ತಿರಬೇಕು ಅಂದುಕೊಂಡೆ. ಅದೇ ಸುಮಾರಿಗೆ ಬಲ ಭುಜ ನೋಯತೊಡಗಿತು. ಮೂಳೆ ಡಾಕ್ಟರು ಭುಜದ ಕೀಲು ಬಿಗಿದಿದೆ ಎಂದರು. ನಾಲ್ಕು ತಿಂಗಳು ಶಾಖ ಕೊಡಿಸಿಕೊಂಡೆ. ಮನೆಯಲ್ಲಿ ಅತ್ತೆ ನನ್ನ ಚಪ್ಪಲಿಯ ಸದ್ದಿಗೆ ಬೇಸರಪಟ್ಟುಕೊಳ್ಳುತ್ತಿದ್ದರು. "ಕಾಲೆತ್ತಿ ನಡಿ ಗಿರಿಜಾ. ಹೆಣ್ಣುಮಕ್ಳು ಕಾಲೆಳ್ಕೊಂಡು ಓಡಾಡ್ಬಾರ್ದು" ಎನ್ನುತ್ತಿದ್ದರು. ನನ್ನ ಗಂಡ ಮಹೇಶ್ ಇದ್ದಕ್ಕಿದ್ದಂತೆ, "ಯಾಕೆ, ನಾನೇನ್ ಮಾಡ್ದೆ?" ಎಂದು ಕೇಳುತ್ತಿದ್ದರು. ನಾನು ಸುಮ್ಮನೆ ಕೂತು ಹುರುಳಿಕಾಯಿ ಸೋಸುತ್ತಿರುತ್ತಿದ್ದೆ. ನನ್ನ ಮುಖದಲ್ಲಿ ಸಿಟ್ಟು ಕಾಣುತ್ತಿದೆ ಎಂದು ಅವರು ಹೇಳಿದರೆ, ಇಲ್ಲದ ಸಿಟ್ಟು ನಿಜವಾಗಿಯೂ ಬರುತ್ತಿತ್ತು.

ಇವೆಲ್ಲ ಒಂದೇ ದಾರದಲ್ಲಿ ಪೋಣಿಸಿದವು ಎಂದು ನಮಗ್ಯಾರಿಗೂ ಹೊಳೆಯಲಿಲ್ಲ. ಭುಜಕ್ಕೆ ಶಾಖ ಕೊಡುತ್ತಿದ್ದ ಫಿಸಿಯೋಥೆರಪಿ ಹುಡುಗಿ ಒಂದು ದಿನ ನನ್ನನ್ನು ಕಿಟಕಿಯವರೆಗೆ ಹೋಗಿ ಬರಲು ಹೇಳಿದಳು. ಹೋಗಿ ಬಂದೆ. ಇನ್ನೊಂದು ಸಲ ಎಂದಳು. ಆಮೇಲೆ ಯಂತ್ರದ ಸ್ವಿಚ್ ಆರಿಸಿ, ನನ್ನ ಮುಖ ನೋಡದೆ ಹೇಳಿದಳು: "ಮೇಡಂ, ನಡೆಯೋವಾಗ ನಿಮ್ ಬಲಗೈ ಆಡ್ತಾ ಇಲ್ಲ. ಒಂದ್ಸಲ ನರಗಳ ಡಾಕ್ಟ್ರಿಗೆ ತೋರ್ಸಿಬಿಡಿ."

ನರಗಳ ಡಾಕ್ಟರ ಕಾಯುವ ಕೋಣೆಯಲ್ಲಿ ಸ್ಟೀಲಿನ ಕುರ್ಚಿಗಳು ಮೂರು ಸಾಲಿದ್ದವು. ನಮ್ಮ ಟೋಕನ್ ಮೂವತ್ತೊಂದು. ಒಳಗೆ ಹದಿನಾಲ್ಕು ನಡೆಯುತ್ತಿತ್ತು. ಎದುರಿನ ಸಾಲಿನಲ್ಲಿ ಒಬ್ಬ ಹಿರಿಯರ ಕೈ ತೊಡೆಯ ಮೇಲೆ ನಡುಗುತ್ತಿತ್ತು. ಅವರು ಇನ್ನೊಂದು ಕೈಯಿಂದ ಅದನ್ನು ಅದುಮಿ ಹಿಡಿದಿದ್ದರು. ನನ್ನ ಕೈ ನಡುಗುತ್ತಿರಲಿಲ್ಲ. ಹಾಗಾಗಿ ಅವರ ಕಾಯಿಲೆ ನನ್ನದಲ್ಲ ಎಂದು ಎರಡು ಗಂಟೆ ಹೊತ್ತು ನೆಮ್ಮದಿಯಾಗಿದ್ದೆ. ಆ ಎರಡು ಗಂಟೆಯನ್ನು ಈಗಲೂ ಕೃತಜ್ಞತೆಯಿಂದ ನೆನೆಯುತ್ತೇನೆ.

ಡಾಕ್ಟರು ಚಿಕ್ಕ ವಯಸ್ಸಿನವರು. ಹೆಬ್ಬೆರಳಿಗೆ ತೋರುಬೆರಳು ತಟ್ಟಿ ಎಂದರು. ಎಡಗೈ ಚೆನ್ನಾಗಿ ತಟ್ಟಿತು. ಬಲಗೈ ಏಳೆಂಟು ಸಲ ತಟ್ಟಿ, ಮರೆತವರಂತೆ ನಿಂತಿತು. ಒಂದು ಹಾಳೆ ಕೊಟ್ಟು ಏನಾದರೂ ಬರೆಯಿರಿ ಎಂದರು. ಪೈಥಾಗೊರಸ್ ಪ್ರಮೇಯ ಬರೆದೆ. ಅವರು ಅದನ್ನು ಓದಲು ಕನ್ನಡಕ ಏರಿಸಬೇಕಾಯಿತು.

"ಇದು ಪಾರ್ಕಿನ್ಸನ್ಸ್ ಮೇಡಂ" ಎಂದರು.

ಮಹೇಶ್ ಕೇಳಿದರು, "ಅದಕ್ಕೆ ಕೈ ನಡುಗ್ಬೇಕಲ್ವಾ ಡಾಕ್ಟ್ರೇ? ಇವ್ಳಿಗೆ ನಡುಗಲ್ವಲ್ಲ."

"ಎಲ್ಲರಿಗೂ ನಡುಗಲ್ಲ ಸರ್. ಕೆಲವ್ರಿಗೆ ಬಿಗಿಯತ್ತೆ, ನಿಧಾನ ಆಗತ್ತೆ. ವಾಸಿ ಆಗತ್ತೆ ಅಂತ ನಾನು ಸುಳ್ಳು ಹೇಳಲ್ಲ. ಮಾತ್ರೆ ಇದೆ, ಚೆನ್ನಾಗಿ ಕೆಲ್ಸ ಮಾಡತ್ತೆ. ಬಹಳ ವರ್ಷ ಜೊತೆಗಿಟ್ಕೊಂಡು ಬದುಕ್ಬಹುದು."

ನಾನು ಕೇಳಿದ್ದು ಒಂದೇ ಪ್ರಶ್ನೆ. ಸೋಮವಾರ ಯೂನಿಟ್ ಟೆಸ್ಟ್ ಇದೆ, ಹೋಗಬಹುದೇ ಎಂದು. ಧಾರಾಳವಾಗಿ ಹೋಗಿ ಎಂದರು. ಹೊರಗೆ ಬಂದಾಗ ಮಹೇಶ್ ಸ್ಕೂಟರ್ ಎಲ್ಲಿ ನಿಲ್ಲಿಸಿದ್ದೆ ಎಂದು ಮರೆತಿದ್ದರು. ನಾವಿಬ್ಬರೂ ಆಸ್ಪತ್ರೆಯ ಸುತ್ತ ಎರಡು ಸುತ್ತು ಹಾಕಿದೆವು. ಅವರು ಮುಂದೆ, ನಾನು ಕಾಲೆಳೆದುಕೊಂಡು ಹಿಂದೆ. ಅವರು ಆಗಾಗ ನಿಂತು ನನಗಾಗಿ ಕಾದರು. ಹಿಂದೆ ಎಂದೂ ಕಾದವರಲ್ಲ.

ಮನೆಯಲ್ಲಿ ನಾವು ಮೂರೇ ಜನ. ನಮಗೆ ಮಕ್ಕಳಿಲ್ಲ. ಎಂಬತ್ತರ ಹತ್ತಿರದ ಅತ್ತೆಗೆ ಮಹೇಶ್ "ನರದ ವೀಕ್ನೆಸ್ಸು" ಎಂದಷ್ಟೇ ಹೇಳಿದರು. ಅತ್ತೆ ಬೆಳಗಿನ ಲಿಂಗಪೂಜೆ ಮುಗಿಸಿ ನನ್ನ ಹಣೆಗೆ ಒಂದಿಷ್ಟು ವಿಭೂತಿ ಹಚ್ಚಿದರು, ರಾತ್ರಿ ನೆನೆಸಿದ ಬಾದಾಮಿ ಕೊಟ್ಟರು, ಯಾರದೋ ಕಣ್ಣು ಬಿದ್ದಿದೆ ಎಂದು ಮೆಣಸಿನಕಾಯಿ ನಿವಾಳಿಸಿದರು. ನಾನು ಮೂರಕ್ಕೂ ಬೇಡ ಎನ್ನಲಿಲ್ಲ. ಧಾರವಾಡದಲ್ಲಿರುವ ಅಕ್ಕ ಫೋನಿನಲ್ಲಿ ಅತ್ತಳು. ನಾನೇ ಸಮಾಧಾನ ಮಾಡಿದೆ. ಆ ತಿಂಗಳೆಲ್ಲ ನನ್ನ ಕೆಲಸ ಅದೇ ಆಗಿತ್ತು: ನನ್ನ ಕಾಯಿಲೆಯ ಬಗ್ಗೆ ಬೇರೆಯವರಿಗೆ ಧೈರ್ಯ ಹೇಳುವುದು.

ಶಾಲೆಯಲ್ಲಿ ಯಾರಿಗೂ ಹೇಳಲಿಲ್ಲ. ಖಾಸಗಿ ಆಡಳಿತದ ಶಾಲೆ. ನಿವೃತ್ತಿಗೆ ಇನ್ನೂ ವರ್ಷಗಳಿದ್ದವು. ಕೆಲಸ ಹೋಗಬಹುದೆಂಬ ಭಯಕ್ಕಿಂತ ಹೆಚ್ಚಾಗಿ, ಸ್ಟಾಫ್ ರೂಮಿನಲ್ಲಿ ಎಲ್ಲರೂ ದನಿ ತಗ್ಗಿಸಿ ಮಾತಾಡಿಸುವುದು ನನಗೆ ಬೇಡವಾಗಿತ್ತು. ಬೋರ್ಡಿನ ಮೇಲೆ ಬರೆಯುವುದನ್ನು ಹುಡುಗಿಯರಿಗೇ ಬಿಟ್ಟೆ. ಒಬ್ಬೊಬ್ಬಳನ್ನೇ ಕರೆದು, ನಾನು ಹೇಳುತ್ತಾ ಅವರಿಂದ ಬರೆಸಿದೆ. ಹೊಸ ಬೋಧನಾ ವಿಧಾನ ಎಂದು ಹೆಡ್‌ಮಿಸ್ ಮೆಚ್ಚಿಕೊಂಡರು.

ಮಾತ್ರೆ ಕೆಲಸ ಮಾಡಿತು. ಮೊದಲ ವಾರ ವಾಂತಿ ಬಂದಂತಾಗುತ್ತಿತ್ತು, ಆಮೇಲೆ ಒಗ್ಗಿತು. ಒಂದು ಬೆಳಿಗ್ಗೆ ಸೀರೆಗೆ ಪಿನ್ನು ನಾನೇ ಹಾಕಿಕೊಂಡು ಕನ್ನಡಿಯ ಮುಂದೆ ತುಸು ಹೊತ್ತು ನಿಂತೆ. ಆದರೆ ಒಂದು ಹೊಸ ತೊಂದರೆ ಹುಟ್ಟಿಕೊಂಡಿತು. ಬಾಗಿಲುಗಳು. ನಡೆದು ಹೋಗುತ್ತಿರುವಾಗ ಹೊಸ್ತಿಲು ಬಂತೆಂದರೆ ಪಾದಗಳು ನೆಲಕ್ಕೆ ಅಂಟಿಬಿಡುತ್ತಿದ್ದವು. ತಲೆ ಹೋಗು ಎನ್ನುತ್ತದೆ, ಮೈ ಮುಂದಕ್ಕೆ ವಾಲುತ್ತದೆ, ಕಾಲು ಮಾತ್ರ ಬರುವುದಿಲ್ಲ. ಐದಾರು ಸೆಕೆಂಡು ಇರಬಹುದು. ಹಿಂದೆ ಯಾರಾದರೂ ನಿಂತಿದ್ದರೆ ಅದು ಬಹಳ ದೀರ್ಘವಾದ ಕಾಲ.

ಮೂರನೇ ಸಲ ಡಾಕ್ಟರ ಹತ್ತಿರ ಹೋದಾಗ ಅವರ ಬಾಗಿಲಲ್ಲೇ ಹಾಗಾಯಿತು. ನನ್ನ ಹೆಸರು ಕೂಗಿದರು, ಎದ್ದು ಹೋದೆ, ಬಾಗಿಲಿಗೆ ಅಂಟಿಕೊಂಡೆ. ಮಹೇಶ್ ತೋಳು ಹಿಡಿದು ಎಳೆಯತೊಡಗಿದರು. ಹಿಂದಿನ ಸಾಲಿನಿಂದ ಒಂದು ಹೆಂಗಸಿನ ದನಿ ಬಂತು.

"ಎಳೀಬೇಡಿ ಸಾರ್, ಬಿದ್ದೋಗ್ತಾರೆ. ಮೇಡಂ, ಮುಂದಕ್ಕೆ ಹೋಗೋದು ಮರ್ತ್‌ಬಿಡಿ. ನಿಂತಲ್ಲೇ ಸೈಡಿಂದ ಸೈಡಿಗೆ ತೂಗಿ. ಕರಡಿ ಥರ. ಭಾರ ಎಡಗಾಲಿಗೆ ಹಾಕಿ, ಈಗ ಬಲಗಾಲಿಗೆ. ಹಾಂ. ಈಗ ಎಡಗಾಲ್ ಎತ್ತಿ."

ತೂಗಿದೆ. ಕಾಲು ಎದ್ದಿತು. ಒಳಗೆ ಹೋದೆ.

ಹೊರಗೆ ಬಂದು ನೋಡಿದರೆ ದನಿಯ ಒಡತಿ ಗಿಡ್ಡನೆಯ ಹೆಂಗಸು. ಅರವತ್ತೈದರ ವಯಸ್ಸು, ಕತ್ತರಿಸಿದ ಬಿಳಿ ಕೂದಲು, ಚೀನೀಯರ ಮುಖ. ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಅವರ ಗಂಡ. ನಾನು ಮೊದಲ ದಿನ ನೋಡಿದ, ಒಂದು ಕೈಯಿಂದ ಇನ್ನೊಂದನ್ನು ಅದುಮಿ ಹಿಡಿದಿದ್ದ ಹಿರಿಯರು ಅವರೇ. ನಾನು ಥ್ಯಾಂಕ್ಸ್ ಹೇಳಿ ಹಾಗೇ ನಿಂತೆ.

"ಏನ್ ನೋಡ್ತಿದೀರ, ಇವ್ಳು ಕನ್ನಡ ಮಾತಾಡ್ತಾಳಲ್ಲ ಅಂತಾನಾ?" ಎಂದು ಅವರು ನಕ್ಕರು. "ನಾನು ಹುಟ್ಟಿದ್ದು ಇಲ್ಲೇ, ನಮ್ಮಪ್ಪ ಹುಟ್ಟಿದ್ದೂ ಇಲ್ಲೇ. ಮೇರಿ ಅಂತ. ಇವ್ರು ಹೆನ್ರಿ. ಬೆಳಿಗ್ಗೆ ಆರೂವರೆಗೆ ಹನುಮಂತನಗರದ ಪಾರ್ಕಿಗೆ ಬನ್ನಿ. ಕರಡಿ ಒಂದೇ ಅಲ್ಲ, ಇನ್ನೂ ನಾಲ್ಕು ಪ್ರಾಣಿ ಇದಾವೆ."

ಪಾರ್ಕು ನಮ್ಮ ಮನೆಯಿಂದ ಮೂರು ರಸ್ತೆ ಆಚೆ, ಗುಡ್ಡದ ಕೆಳಗೆ. ಆದರೂ ಹೋಗಲು ಎರಡು ವಾರ ತೆಗೆದುಕೊಂಡೆ. ಅಲ್ಲಿ ಬೆಳಿಗ್ಗೆ ವಾಕಿಂಗ್ ಮಾಡುವವರಲ್ಲಿ ಅರ್ಧದಷ್ಟು ಜನ ನನ್ನ ಹಳೆಯ ವಿದ್ಯಾರ್ಥಿನಿಯರ ತಂದೆತಾಯಿಯರು. ಕೊನೆಗೆ ಮಹೇಶ್ ಒಂದು ದಿನ ಸ್ಕೂಟರ್ ತೆಗೆದು, "ಹತ್ತು, ನೋಡ್ಕೊಂಡ್ ಬರೋಣ" ಎಂದರು. ಅವರು ಗೇಟಿನ ಹೊರಗೆ ಸ್ಕೂಟರ್ ಮೇಲೆಯೇ ಪೇಪರ್ ಬಿಚ್ಚಿಕೊಂಡು ಕೂತರು.

ಹೊಂಗೆ ಮರದ ಕೆಳಗೆ ಆರು ಜನರಿದ್ದರು. ಮಂಡಿನೋವಿನ ಇಬ್ಬರು, ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡ ಒಬ್ಬರು ರಿಟೈರ್ಡ್ ಗುಮಾಸ್ತರು, ನಿದ್ದೆ ಬಾರದ ಒಬ್ಬ ಗೃಹಿಣಿ, ಮೇರಿ, ಮತ್ತು ಗಾಲಿಕುರ್ಚಿಯಲ್ಲಿ ಹೆನ್ರಿ. ಇದಕ್ಕೆ ಚೀನಾದಲ್ಲಿ ಚಿಗೊಂಗ್ ಎನ್ನುತ್ತಾರಂತೆ. ಉಸಿರು ಮತ್ತು ಚಲನೆಯನ್ನು ಕೂಡಿಸುವ ಬಹಳ ಹಳೆಯ ಅಭ್ಯಾಸ. ಅದರಲ್ಲಿ ಪ್ರಾಣಿಗಳನ್ನು ನೋಡಿ ಕಟ್ಟಿದ ಈ ಬಗೆಗೆ ಮೇರಿ ಇಟ್ಟ ಹೆಸರು "ಐದು ಪ್ರಾಣಿ ಆಟ". ಹುಲಿ, ಜಿಂಕೆ, ಕರಡಿ, ಕೋತಿ, ಕೊಕ್ಕರೆ. ಹೆನ್ರಿಗೆ ಕಾಯಿಲೆ ಶುರುವಾದಾಗ ಕಲ್ಕತ್ತೆಯ ಚಿಕ್ಕಮ್ಮನ ಹತ್ತಿರ ಎರಡು ತಿಂಗಳಿದ್ದು ಕಲಿತು ಬಂದದ್ದಂತೆ.

ಮೊದಲ ದಿನವೇ ಅವರು ಹೇಳಿಬಿಟ್ಟರು, "ನೋಡಿ ಗಿರಿಜಾ, ಇದ್ರಿಂದ ವಾಸಿ ಆಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಮಾತ್ರೆ ಒಂದು ದಿನಾನೂ ಬಿಡೋಹಾಗಿಲ್ಲ. ಬಿಟ್ರೆ ನನ್ ಕ್ಲಾಸಿಗೂ ಬರ್ಬೇಡಿ."

ಆ ಮಾತಿನಿಂದಲೇ ನಾನು ಅಲ್ಲಿ ಉಳಿದೆ. ಅದುವರೆಗೆ ಡಾಕ್ಟರನ್ನು ಬಿಟ್ಟರೆ, ಬಾದಾಮಿ ಕೊಟ್ಟ ಅತ್ತೆಯಿಂದ ಹಿಡಿದು ಎಲ್ಲರೂ ವಾಸಿಯಾಗುವ ಮಾತನ್ನೇ ಆಡಿದ್ದರು.

ಹುಲಿಗೆ ಬೆರಳುಗಳನ್ನು ಪೂರ್ತಿ ಬಿಡಿಸಿ, ಪಂಜದಂತೆ ಮಡಚಿ, ಭಾರವಾದದ್ದೇನನ್ನೋ ಎತ್ತುವಂತೆ ಕೈಗಳನ್ನು ತಲೆಯ ಮೇಲಕ್ಕೆ ಒಯ್ಯಬೇಕು. ನನ್ನ ಬಲಗೈ ಕಿವಿಯ ಹತ್ತಿರ ನಿಂತಿತು. ಜಿಂಕೆಗೆ ಸೊಂಟ ತಿರುಗಿಸಿ, ಕೈಗಳನ್ನು ಕೊಂಬಾಗಿ ಚಾಚಿ, ಹಿಂದಿನ ಹಿಮ್ಮಡಿಯನ್ನು ನೋಡಬೇಕು. ನಾನು ನನ್ನ ಹಿಮ್ಮಡಿ ನೋಡಿ ವರ್ಷಗಳೇ ಆಗಿದ್ದವು. ಒಡೆದಿತ್ತು. ಕರಡಿ ಮಾತ್ರ ಮೊದಲ ದಿನದಿಂದಲೇ ನನ್ನದಾಯಿತು. ಸೊಂಟದಿಂದ ಕಾಲನ್ನು ಎತ್ತುವುದು, ಪಾದವನ್ನು ಧೊಪ್ಪೆಂದು ನೆಲಕ್ಕೆ ಬಿಡುವುದು, ಮೈಯ ಭಾರವನ್ನೆಲ್ಲ ಅದರ ಮೇಲೆ ಸುರಿಯುವುದು. ಚೆಂದ ಕಾಣಬೇಕಾಗಿಲ್ಲದ ನಡಿಗೆ ಅದು.

ಕಷ್ಟವಾದದ್ದು ಕೋತಿ. ಭುಜಗಳನ್ನು ಕಿವಿಯವರೆಗೆ ಏರಿಸಿ, ಕೈಗಳನ್ನು ಎದೆಯ ಹತ್ತಿರ ಕೊಕ್ಕೆ ಮಾಡಿ, ಹಿಮ್ಮಡಿ ಎತ್ತಿ, ತಟಕ್ಕನೆ ಪಕ್ಕಕ್ಕೆ ನೋಡಬೇಕು. ಕಣ್ಣಲ್ಲಿ ಕಳ್ಳತನ ಇರಬೇಕು. ಹಣ್ಣು ಕದಿಯಲು ಬಂದಿದ್ದೀರಿ, ಯಾರಾದರೂ ನೋಡಿದರೇ ಎಂಬ ಗಾಬರಿ ಮುಖದಲ್ಲಿ ಬರಬೇಕು ಎಂದು ಮೇರಿ ಹೇಳುತ್ತಿದ್ದರು. ನನ್ನ ಮುಖದಲ್ಲಿ ಏನೂ ಬರುತ್ತಿರಲಿಲ್ಲ. ಈ ಕಾಯಿಲೆ ಮುಖದ ಸ್ನಾಯುಗಳನ್ನೂ ಬಿಗಿಯುತ್ತದೆ. ನಾನು ಒಳಗೆ ನಗುತ್ತಿದ್ದರೂ ಹೊರಗೆ ಬಾಗಿಲು ಹಾಕಿದ ಮನೆಯಂತಿರುತ್ತೇನೆ. ಮಹೇಶ್‌ಗೆ ಕಂಡಿದ್ದ ಸಿಟ್ಟು ಯಾವುದೆಂದು ಆಗ ತಿಳಿಯಿತು. ಅವತ್ತು ಸ್ಕೂಟರ್‌ನಲ್ಲಿ ಹಿಂದೆ ಕೂತು ಅವರಿಗೆ ಹೇಳಿದೆ, "ರೀ, ನಂಗೆ ಸಿಟ್ಟಿರ್ಲಿಲ್ಲ. ಮುಖ ಹಾಗಾಗತ್ತಂತೆ." ಅವರು ಗಾಡಿಯ ವೇಗ ತಗ್ಗಿಸಿದರು. "ಎರಡು ವರ್ಷ ನಾನೇನೋ ತಪ್ಪು ಮಾಡಿದೀನಿ ಅಂದ್ಕೊಂಡಿದ್ದೆ ಕಣೇ" ಎಂದರು.

ಆರನೇ ವಾರದ ಹೊತ್ತಿಗೆ ನಾನು ಹೋಗುವುದನ್ನು ಬಿಟ್ಟೆ. ಮಹೇಶ್ ಕೇಳಿದರೆ ಪೇಪರ್ ತಿದ್ದುವುದಿದೆ ಎಂದೆ. ನಿಜವಾದ ಕಾರಣ ಹೆನ್ರಿ. ಒಂದು ಬೆಳಿಗ್ಗೆ ತರಗತಿ ಮುಗಿದ ಮೇಲೆ ಮೇರಿ ಅವರಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಹೆನ್ರಿ ನುಂಗಲು ಮರೆತಂತೆ ಬಾಯಲ್ಲೇ ಇಟ್ಟುಕೊಂಡಿದ್ದರು. ಮೇರಿ ಅವರ ಗಂಟಲನ್ನು ಬೆರಳಿಂದ ಮೆಲ್ಲನೆ ಸವರಿ, "ನುಂಗು ಹೆನ್ರಿ" ಎಂದರು. ಗಂಜಿ ಗಲ್ಲದ ಮೇಲೆ ಇಳಿಯಿತು. ಅವರ ಜಾಗದಲ್ಲಿ ನಾನು, ಮೇರಿಯ ಜಾಗದಲ್ಲಿ ಮಹೇಶ್ ಕಂಡರು. ಕೊಕ್ಕರೆಯಂತೆ ಕೈ ಚಾಚಿ ಏನು ಬಂತು ಅನ್ನಿಸಿತು.

ಹನ್ನೆರಡು ದಿನ ಹೋಗಲಿಲ್ಲ. ಹದಿಮೂರನೆಯ ದಿನ, ಭಾನುವಾರ ಮಧ್ಯಾಹ್ನ, ಮನೆಯ ಮುಂದೆ ಆಟೋ ನಿಂತಿತು. ಮೇರಿ ಇಳಿದರು. ಆಟೋದವರು ಹೆನ್ರಿಯನ್ನು ಇಳಿಸಲು ಕೈ ಕೊಟ್ಟರು. ನಾನು ಬಾಗಿಲಲ್ಲಿ ನಿಂತಿದ್ದೆ. ಅಂಟಿಕೊಂಡೇ ನಿಂತಿದ್ದೆ ಎನ್ನಬೇಕು.

ಅತ್ತೆ ನಡುಮನೆಯಿಂದ ಬಂದು ಹೆನ್ರಿಯನ್ನು ದಿಟ್ಟಿಸಿ ನೋಡಿದರು. ಪಾರ್ಕಿನಲ್ಲಿ ನಾನು ಕೋತಿಯಂತೆ ಆಡುತ್ತಿರುವುದನ್ನು ಪಕ್ಕದ ಬೀದಿಯವರು ಆಗಲೇ ಅತ್ತೆಗೆ ಹೇಳಿದ್ದರು. ಅವರಿಗೆ ಆ ಬಗ್ಗೆ ಅಸಮಾಧಾನವಿತ್ತು. ಇವರೇ ಕಾರಣಕರ್ತರು ಎಂದು ಏನಾದರೂ ಅಂದುಬಿಡುತ್ತಾರೆಂದು ನಾನು ಹೆದರಿದೆ. ಅತ್ತೆ ಹೆನ್ರಿಯ ಹತ್ತಿರ ಹೋಗಿ ಬಾಯಿಂದ ಹಲ್ಲಿನ ಸೆಟ್ಟು ತೆಗೆದು ಅಂಗೈ ಮೇಲಿಟ್ಟುಕೊಂಡರು.

"ನೀವು ಚಾಮರಾಜಪೇಟೆ ಹಲ್ಲಿನ್ ಅಂಗ್ಡಿಯವ್ರಲ್ವಾ?" ಎಂದು ಬೊಚ್ಚುಬಾಯಲ್ಲಿ ಕೇಳಿದರು. "ಇದು ನೀವ್ ಮಾಡ್ಕೊಟ್ಟಿದ್ದು. ಹದಿನೆಂಟು ವರ್ಷ ಆಯ್ತು. ಇವತ್ತಿಗೂ ಕೋಡುಬಳೆ ಕಡೀತೀನಿ."

ಹೆನ್ರಿ ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಕೆಲಸದಲ್ಲಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ. ಅವರು ತಲೆಯನ್ನು ಬಹಳ ನಿಧಾನವಾಗಿ ಎತ್ತಿ, ಅತ್ತೆಯ ಅಂಗೈಯಲ್ಲಿದ್ದ ಸೆಟ್ಟನ್ನು ನೋಡಿದರು. ನಡುಗುವ ಬೆರಳಿಂದ ಅದರ ಅಂಚನ್ನು ಒಂದು ಸಲ ಸವರಿದರು. "ನಂದೇ" ಎಂದರು.

ಕಾಫಿ ಕುಡಿಯುವಾಗ ಅವರು ನನ್ನ ಕಡೆ ತಿರುಗಿದರು. ಅವರ ದನಿ ತೀರ ಸಣ್ಣದು. ಬಗ್ಗಿ ಕೇಳಬೇಕು.

"ನನ್ ನೋಡಿ ಹೆದರ್ಕೊಂಡ್ರಿ" ಎಂದರು.

ಇಲ್ಲ ಎನ್ನಲು ಹೊರಟೆ. ಆಗಲಿಲ್ಲ. "ಹೌದು" ಎಂದೆ.

"ನಾನೂ ಒಬ್ರನ್ನ ನೋಡಿ ಹೆದರ್ಕೊಂಡಿದ್ದೆ. ಡಾಕ್ಟ್ರ ವೆಯ್ಟಿಂಗ್ ರೂಮಲ್ಲಿ." ಉಸಿರು ತೆಗೆದುಕೊಳ್ಳಲು ನಿಂತರು. "ಆಮೇಲೆ ಹದ್ನಾಲ್ಕು ವರ್ಷ ಆಯ್ತು. ಅದ್ರಲ್ಲಿ ಹತ್ತು ವರ್ಷ ಹಲ್ಲು ಮಾಡಿದೀನಿ. ಮಗಳ ಮದ್ವೆ ಮಾಡಿದೀನಿ. ಆ ಹೆದರಿಕೆಗೆ ಒಂದು ವರ್ಷ ಹಾಳ್ ಮಾಡ್ದೆ. ನೀವು ಹನ್ನೆರಡು ದಿನಕ್ಕೆ ನಿಲ್ಲಿಸಿ."

ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಮತ್ತೆ ಕೇಳಲಿಲ್ಲ. ಮರುದಿನ ಆರೂವರೆಗೆ ಪಾರ್ಕಿನಲ್ಲಿದ್ದೆ. ಜೊತೆಗೆ ಅತ್ತೆಯೂ ಬಂದರು. ಹೆನ್ರಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು, ನಮ್ಮನ್ನೆಲ್ಲ ನೋಡಿ, ಯಾರ ಹುಲಿ ಸರಿಯಿಲ್ಲ, ಯಾರ ಜಿಂಕೆ ಕುಂಟುತ್ತಿದೆ ಎಂದು ಅವರಿಗೆ ವರದಿ ಒಪ್ಪಿಸುತ್ತಿದ್ದರು. ಹೆನ್ರಿ ನಗುತ್ತಿದ್ದರೋ ಇಲ್ಲವೋ ಮುಖ ನೋಡಿ ಹೇಳುವಂತಿರಲಿಲ್ಲ. ನಗುತ್ತಿದ್ದರು ಎಂದು ನಾನು ಬಲ್ಲೆ.

ಶಾಲೆಯಲ್ಲಿ ವಿಷಯ ಹೊರಬಿದ್ದದ್ದು ಜನವರಿಯಲ್ಲಿ. ಮೂರನೇ ಪೀರಿಯಡ್‌ಗೆ ಹತ್ತನೇ ತರಗತಿಯ ಬಾಗಿಲಿಗೆ ಬಂದೆ, ಕಾಲು ಅಂಟಿತು. ಐವತ್ತು ಹುಡುಗಿಯರು "ಗುಡ್ ಮಾರ್ನಿಂಗ್ ಮಿಸ್" ಎಂದು ಎದ್ದು ನಿಂತರು. ನಾನು ಹೊರಗೇ ನಿಂತಿದ್ದೆ. ಅವರೂ ಕೂರುವಂತಿಲ್ಲ. ಕಿಟಕಿ ಕಡೆಯ ಒಬ್ಬಳು ಕಿಸಕ್ಕೆಂದಳು. ಪುಸ್ತಕಗಳನ್ನು ಎದೆಗೆ ಅವುಚಿಕೊಂಡು ಎಡಕ್ಕೆ ತೂಗಿದೆ, ಬಲಕ್ಕೆ ತೂಗಿದೆ, ಎಡಗಾಲನ್ನು ಸೊಂಟದಿಂದ ಎತ್ತಿ ಹೊಸ್ತಿಲ ಆಚೆ ಧೊಪ್ಪೆಂದು ಇಟ್ಟೆ. ಆಮೇಲೆ ಬಲಗಾಲು. ಹಾಗೆಯೇ ಕರಡಿಯ ನಡಿಗೆಯಲ್ಲಿ ಮೇಜಿನವರೆಗೆ ಹೋದೆ. ನಗು ಇಡೀ ತರಗತಿಗೆ ಹಬ್ಬಿತು.

ನಗು ನಿಲ್ಲುವವರೆಗೆ ಕಾದೆ. ಆಮೇಲೆ ಹೇಳಿದೆ. ನನಗೆ ಪಾರ್ಕಿನ್ಸನ್ಸ್ ಕಾಯಿಲೆ ಇದೆ. ಬಾಗಿಲಲ್ಲಿ ಕಾಲು ನಿಂತುಬಿಡುತ್ತದೆ. ಕರಡಿಯಂತೆ ತೂಗಿದರೆ ಬಿಡುತ್ತದೆ. ನಾನು ನಕ್ಕರೂ ನಿಮಗೆ ಕಾಣುವುದಿಲ್ಲ, ಹಾಗಾಗಿ ನಕ್ಕಿಲ್ಲ ಎಂದುಕೊಳ್ಳಬೇಡಿ. ಎರಡು ನಿಮಿಷದಲ್ಲಿ ಮುಗಿಯಿತು. ಒಂದೂವರೆ ವರ್ಷ ಮುಚ್ಚಿಟ್ಟದ್ದಕ್ಕೆ ಎರಡೇ ನಿಮಿಷ ಸಾಕಾಗಿತ್ತು.

ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಮಿಸ್, ಅದು ಅಂಟುತ್ತಾ?"

"ಇಷ್ಟು ವರ್ಷ ಪಾಠ ಮಾಡಿದ್ರೂ ಗಣಿತಾನೇ ನಿಮಗೆ ಅಂಟ್ಲಿಲ್ಲ. ಇದು ಎಲ್ಲಿ ಅಂಟತ್ತೆ" ಎಂದೆ.

ನನ್ನ ಮುಖ ಗಂಭೀರವಾಗಿಯೇ ಇದ್ದಿರಬೇಕು. ಯಾರಿಗೂ ನಗಲು ಧೈರ್ಯ ಬರಲಿಲ್ಲ. ಕೊನೆಗೆ ಕಿಟಕಿ ಕಡೆಯ ಅದೇ ಹುಡುಗಿ, "ಮಿಸ್ ಜೋಕ್ ಮಾಡಿದ್ರು ಕಣ್ರೇ, ನಗ್ರೇ" ಎಂದಳು.

ಹೆಡ್‌ಮಿಸ್‌ಗೆ ಸಂಜೆಯೊಳಗೆ ಸುದ್ದಿ ಮುಟ್ಟಿತು. ಅವರು ಕೆಟ್ಟವರಲ್ಲ. ಆದರೂ ಮೊದಲು ಕೇಳಿದ್ದು, "ವಾಲಂಟರಿ ತಗೋಳೋದು ಯೋಚ್ನೆ ಮಾಡಿದೀರಾ?" ಎಂದು. ನಾನು ಹಿಂದಿನ ವರ್ಷದ ಫಲಿತಾಂಶಗಳ ಫೈಲನ್ನು ಜೊತೆಗೇ ಒಯ್ದಿದ್ದೆ. ಅವರ ಮೇಜಿನ ಮೇಲಿಟ್ಟೆ. "ಯೋಚ್ನೆ ಮಾಡಿದೀನಿ ಮೇಡಂ. ಪಾಠ ಮಾಡೋಕೆ ಆಗ್ದೇ ಇದ್ದ ದಿನ ನಾನೇ ಬರೆದುಕೊಡ್ತೀನಿ. ಆ ದಿನ ಇನ್ನೂ ಬಂದಿಲ್ಲ." ಅವರು ಫೈಲು ತಿರುವಿದರು. ಡಾಕ್ಟರ ಸರ್ಟಿಫಿಕೇಟ್ ಕೇಳಿದರು, ಕೊಟ್ಟೆ. ಆಡಳಿತ ಮಂಡಳಿಯವರು ಒಂದು ತಿಂಗಳು ಏನೂ ಹೇಳಲಿಲ್ಲ. ಆ ತಿಂಗಳು ಚೆನ್ನಾಗಿರಲಿಲ್ಲ. ನಂತರ ನನ್ನ ತರಗತಿಗಳನ್ನೆಲ್ಲ ಕೆಳಮಹಡಿಗೆ ಹಾಕಿಕೊಟ್ಟರು. ಈಗಲೂ ಅಲ್ಲೇ ಇದ್ದೇನೆ.

ನಾನು ಹೆದರಿದ್ದ, ದನಿ ತಗ್ಗಿಸಿದ ಮಾತು ಸ್ಟಾಫ್ ರೂಮಿನಲ್ಲಿ ಒಂದು ವಾರ ನಡೆಯಿತು. ಆಮೇಲೆ ಎಲ್ಲರೂ ಎಂದಿನಂತೆ ಡಿ.ಎ. ಬಗ್ಗೆ ಜಗಳವಾಡತೊಡಗಿದರು.

ಹೊಸದಾಗಿ ಈ ಕಾಯಿಲೆಯ ಹೆಸರು ಕೇಳಿಸಿಕೊಂಡವರು ಈಗ ನನಗೆ ಫೋನು ಮಾಡುತ್ತಾರೆ. ಪ್ರಾಣಿ ಆಟದಿಂದ ಏನು ಉಪಯೋಗವಾಯಿತು ಎಂದು ಕೇಳುತ್ತಾರೆ. ಇದ್ದದ್ದನ್ನೇ ಹೇಳುತ್ತೇನೆ. ನನ್ನ ಕೈಬರಹ ಮರಳಿ ಬರಲಿಲ್ಲ. ಮಾತ್ರೆ ಮೂರರಿಂದ ಐದಾಗಿದೆ. ಆದರೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಬರುತ್ತದೆ, ಬಿದ್ದು ಒಂದೂವರೆ ವರ್ಷವಾಯಿತು, ಬಾಗಿಲ ಮುಂದೆ ಏನು ಮಾಡಬೇಕೆಂದು ಗೊತ್ತಿದೆ. ಬೆಳಗಿನ ಆ ನಲವತ್ತು ನಿಮಿಷ ನನ್ನ ಮೈ ನನ್ನ ಮಾತು ಕೇಳುತ್ತದೆ. ಕೆಲವು ದಿನ ಅದೂ ಕೇಳುವುದಿಲ್ಲ.

ಹೆನ್ರಿ ಕಳೆದ ಆಷಾಢದಲ್ಲಿ ತೀರಿಕೊಂಡರು. ಗಂಜಿ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಿ, ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ನಾವು ಪಾರ್ಕಿನವರು ಸರದಿಯಲ್ಲಿ ಮೇರಿಯ ಜೊತೆ ಕೂರುತ್ತಿದ್ದೆವು. ನನ್ನ ಸರದಿಯ ಮಧ್ಯಾಹ್ನ ಮೇರಿ ಹೆನ್ರಿಯ ಪಾದಗಳನ್ನು ತಿಕ್ಕುತ್ತಾ, "ಇವ್ರು ಡ್ಯಾನ್ಸ್ ಎಷ್ಟ್ ಚೆನ್ನಾಗ್ ಮಾಡ್ತಿದ್ರು ಗೊತ್ತಾ" ಎಂದರು. ಚರ್ಚಿನ ಪ್ರಾರ್ಥನೆಗೆ ಅತ್ತೆ ಹಣೆತುಂಬ ವಿಭೂತಿ ಧರಿಸಿ ಬಂದು ಮುಂದಿನ ಸಾಲಿನಲ್ಲೇ ಕೂತರು. ಎಲ್ಲರೂ ಎದ್ದಾಗ ಎದ್ದರು, ಕೂತಾಗ ಕೂತರು.

ಮೇರಿ ಇನ್ನು ಕೆಲವು ವಾರ ಬರುವುದಿಲ್ಲ ಎಂದುಕೊಂಡಿದ್ದೆವು. ಮಣ್ಣಾದ ಐದನೆಯ ಬೆಳಿಗ್ಗೆ ಆರೂವರೆಗೆ ಅವರು ಗೇಟಿನಲ್ಲಿ ಕಂಡರು. ಒಬ್ಬರೇ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ನಡೆದು ಬಂದರು. ಇಷ್ಟು ವರ್ಷ ಅವು ಕುರ್ಚಿ ತಳ್ಳಿಕೊಂಡು ಬರುತ್ತಿದ್ದವು. ಬಂದವರು ಎಂದಿನಂತೆ ಮುಂದೆ ಹೋಗಲಿಲ್ಲ. ಎಲ್ಲರ ಹಿಂದೆ, ಹೊಂಗೆ ಮರದ ಬುಡದಲ್ಲಿ ನಿಂತರು.

ಮುಂದೆ ಯಾರೂ ಇರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗುಮಾಸ್ತರು ನನ್ನ ಕಡೆ ತಿರುಗಿ, "ಮೇಡಂ, ನೀವು ಟೀಚರ್ ಅಲ್ವಾ" ಎಂದರು.

ನಾನು ಮುಂದೆ ಹೋದೆ. ಮೇರಿಯಂತೆ ಎಲ್ಲರಿಗೂ ಬೆನ್ನು ಹಾಕಿ ಪಾಠ ಮಾಡುವುದು ನನಗೆ ಬಾರದು. ಎಲ್ಲರಿಗೆ ಎದುರಾಗಿ ನಿಂತು ಹುಲಿಯಿಂದ ಶುರುಮಾಡಿದೆ. ನಾನು ಎಡ ಎಂದರೆ ಅವರಿಗೆ ಬಲವಾಗಿ, ಸ್ವಲ್ಪ ಗೊಂದಲವಾಯಿತು. ಜಿಂಕೆಯಲ್ಲಿ ಒಂದು ಸುತ್ತು ಮರೆತೆ. ಮೇರಿ ತಿದ್ದಲಿಲ್ಲ. ಸುಮ್ಮನೆ ನಾನು ಮಾಡಿದಂತೆ ಮಾಡುತ್ತಾ ಬಂದರು, ತಪ್ಪನ್ನೂ ಸೇರಿಸಿ.

ಕೊನೆಯದು ಕೊಕ್ಕರೆ. ಒಂದು ಕಾಲನ್ನು ಮೆಲ್ಲನೆ ಹಿಂದಕ್ಕೆ ಎತ್ತಿ, ಎರಡೂ ಕೈಗಳನ್ನು ರೆಕ್ಕೆಯಂತೆ ಚಾಚಿ, ಎದೆ ತೆರೆದು ನಿಲ್ಲಬೇಕು. ಎಂಟು ಎಣಿಸುವವರೆಗೆ. ಎಲ್ಲರೂ ಕೈ ಚಾಚಿದರು. ಹಿಂದಿನ ಸಾಲಿನಲ್ಲಿ ಮೇರಿಯ ಕಣ್ಣಿಂದ ನೀರು ಇಳಿಯುತ್ತಿರುವುದು ನನಗೆ ಕಂಡಿತು. ನಾನು ಮಾತ್ರ ಅವರಿಗೆ ಎದುರಾಗಿದ್ದೆ. ಬೇರೆ ಯಾರಿಗೂ ಕಾಣುವಂತಿರಲಿಲ್ಲ. ಕೈ ಚಾಚಿದವರು ಕಣ್ಣೊರೆಸಿಕೊಳ್ಳಲಾಗುವುದಿಲ್ಲ. ಅವರು ಕೈ ಇಳಿಸಲಿಲ್ಲ.

ನಾನು ಎಂಟರವರೆಗೆ ಎಣಿಸಿದೆ. ಮೇರಿಯ ಕಡೆ ನೋಡಿದೆ. ಯಾರಿಗೂ ಕಾಲು ಇಳಿಸಲು ಹೇಳದೆ, ಮತ್ತೆ ಒಂದರಿಂದ ಎಣಿಸಲು ಶುರುಮಾಡಿದೆ.